ಎರವಲು ಕಂಠದ ನಲವತ್ತು ದಿನ

ಬೇರೆ ಊರಿನವರ ಮೈಯಲ್ಲಿ ಹಾರ್ಮೋನುಗಳು ರಕ್ತದೊಳಗೆ ಓಡಾಡುತ್ತವಂತೆ. ಕಾಲೇಜಿನಲ್ಲಿ ಹಾಗೆಂದು ಓದಿ, ಹಾಗೆಂದೇ ಬರೆದು, ಪಾಸೂ ಆಗಿ ಬಂದವನು ನಾನು. ನಮ್ಮ ಊರಿನಲ್ಲಿ ಅವು ಬೀದಿಯಲ್ಲೇ ಓಡಾಡುತ್ತವೆ, ಪಂಚೆ ಸೀರೆ ಉಟ್ಟುಕೊಂಡು, ಒಬ್ಬೊಬ್ಬರದು ಒಂದೊಂದು ದನಿ. ಅವರನ್ನು ನಾವು ಸಾರುವವರು ಎನ್ನುತ್ತೇವೆ. ಊಟದ ಹೊತ್ತಿಗೆ ಹೊನ್ನಾಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು "ಬಾಗ್ಲು ತೆಗೀರವ್ವೋ, ಸಕ್ಕರೆ ಬಂದೈತೆ" ಎಂದು ಕೂಗುತ್ತಾ ಹೋದರೆ, ಆಗಷ್ಟೇ ಉಂಡ ಅನ್ನದ ಸಕ್ಕರೆ ನೆತ್ತರಿನಿಂದಿಳಿದು ತೋಳು ತೊಡೆಗಳ ಒಳಗೆ ಹೋಗಿ ಕೂರುತ್ತದೆ. ದೀಪ ಹಚ್ಚುವಾಗ ನಿದ್ದೆ ಸಾರುವ ಮುದುಕ ಆಕಳಿಸಿಕೊಂಡು ಒಂದು ಸುತ್ತು ಬರುತ್ತಾನೆ. ಅವಳಿ ಕೆರೆಗಳ ಏರಿಯ ಮೇಲೆ ಆಚೆಗೊಂದು ಈಚೆಗೊಂದು ಗುಡಿಸಲು ಕಟ್ಟಿಕೊಂಡಿರುವ ಅಣ್ಣತಮ್ಮಂದಿರಿಗೆ ಮಾತ್ರ ಹೊತ್ತುಗೊತ್ತಿಲ್ಲ. ಗೂಳಿ ಹಗ್ಗ ಕಿತ್ತುಕೊಂಡಾಗಲೋ ಪರೀಕ್ಷೆಯ ದಿನವೋ "ಹುಷಾರ್!" ಎಂದು ಕಿರುಚಿ, ಊರಿನ ಎದೆಗಳನ್ನೆಲ್ಲ ಡವಗುಟ್ಟಿಸಿ, ತಾವು ಮಾತ್ರ ಹೋಗಿ ಮಲಗುತ್ತಾರೆ.

ಕೂಗು ಎಲ್ಲರ ಬಾಗಿಲ ಮುಂದೂ ಹಾದುಹೋಗುತ್ತದೆ, ಆದರೆ ಆ ದನಿಗೆ ಕಿವಿ ಇರುವ ಅಂಗಕ್ಕೆ ಮಾತ್ರ ಅದು ಕೇಳುತ್ತದೆ. ಹಾಲು ಸಾರುವವಳು ಬಂದರೆ ಬಾಣಂತಿಯ ಎದೆ ಒದ್ದೆಯಾಗುತ್ತದೆ. ಪಕ್ಕದಲ್ಲೇ ಕೂತ ಗಂಡನಿಗೆ ಯಾರೋ ಕೆಮ್ಮಿದಂತೆ ಅನ್ನಿಸುತ್ತದೆ, ಅಷ್ಟೇ. ಎಲ್ಲ ಅಂಗಕ್ಕೂ ಕೇಳುವ ದನಿ ಎಂದರೆ ನಮ್ಮ ಮಾವ ಬೋರಲಿಂಗಯ್ಯನದು. ಅವನದು ಬಿಸಿ ಸಾರುವ ಕೆಲಸ. "ಉರೀಲಿ ಒಲೆ, ಮೆಲ್ಲಗುರೀಲೀ..." ಎಂದು ಬೆಳಿಗ್ಗೆ ಒಂದು ಸುತ್ತು ಕೂಗಿ ಬಂದರೆ ಊರಿನ ಒಬ್ಬೊಬ್ಬರ ಒಳಗಿನ ಒಲೆಯೂ ಹದವಾಗಿ ಉರಿಯುತ್ತದೆ. ಕಾಲು ಬೆಚ್ಚಗಿರುತ್ತದೆ, ತಲೆ ಚುರುಕಾಗಿರುತ್ತದೆ, ಬೆಳಗಿನ ಕೆಲಸ ಬೆಳಿಗ್ಗೆಯೇ ಮುಗಿಯುತ್ತದೆ. ಇಷ್ಟು ದಿನ ಬಿಸಿ ಸಾರಿದವನ ಮನೆಯಲ್ಲಿ ಸಾರು ಯಾವಾಗಲೂ ತಣ್ಣಗೆ ಎಂದು ನಾನು ತಮಾಷೆ ಮಾಡಿದರೆ ಅತ್ತೆ ನಿಂಗಾಜಮ್ಮ ಸೌಟು ಎತ್ತುತ್ತಿದ್ದಳು.

ನನ್ನ ಹೆಸರು ದೇವೀರಪ್ಪ. ಊರು ಕರೆಯುವುದು ಗಿಣಿರಾಮ ಎಂದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ನನ್ನ ಗಂಟಲು ಅದನ್ನು ಹಾಗೇ ಒಪ್ಪಿಸುತ್ತದೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮಾವನ ಮನೆಯೇ ನನ್ನ ಮನೆ. ಮೂವತ್ತು ತುಂಬಿದರೂ ಹೆಣ್ಣು ಕೊಡುವವರು ಬಂದಿರಲಿಲ್ಲ. ಹೊತ್ತಾರೆ ಶಾಲೆಯಲ್ಲಿ ಪಾಠ, ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಹರಟೆ. ಓದಿದ್ದು ಗ್ರಂಥ, ಬದುಕುವುದು ಗ್ರಂಥಿಗಳ ಊರಿನಲ್ಲಿ, ಎರಡಕ್ಕೂ ನಡುವೆ ಇರುವುದು ಒಂದು ಗುಡಿಸು ಮಾತ್ರ ಎಂದು ಒಮ್ಮೆ ಹೇಳಿದೆ. "ಹಂಗಾದ್ರೆ ಅದನ್ನೂ ನೀನೇ ಮಾಡು" ಎಂದು ಅತ್ತೆ ಪೊರಕೆ ಕೈಗೆ ಕೊಟ್ಟಳು. ಅಂದಿನಿಂದ ಮನೆ ಗುಡಿಸುವ ಕೆಲಸವೂ ನನ್ನದೇ ಆಯಿತು.

ಸಾರುವವರ ದನಿಯನ್ನು ಅಣಕಿಸಬಾರದೆಂದು ಊರಿನಲ್ಲಿ ಕಟ್ಟಳೆ ಇದೆ. ಅದು ಯಾಕಿದೆ ಎಂದು ನನಗೆ ಗೊತ್ತಾದದ್ದು ಅದನ್ನು ಮುರಿದ ಮೇಲೆ. ಒಂದು ರಜೆಯ ದಿನ ಹನ್ನೊಂದು ಗಂಟೆಗೆ, ಯಾರ ಮನೆಯಲ್ಲೂ ಇನ್ನೂ ಎಲೆ ಹಾಕದ ಹೊತ್ತಿನಲ್ಲಿ, ಬೇಸರ ಕಳೆಯಲೆಂದು ಹೊನ್ನಾಜಮ್ಮನ ದನಿಯಲ್ಲಿ ಕೂಗಿಬಿಟ್ಟೆ. ಅವಳ ಆ ಸಣ್ಣ ರಾಗ, ಕೊನೆಯಲ್ಲೊಂದು ಬಿಕ್ಕಳಿಕೆ, ಎಲ್ಲ ಸೇರಿಸಿ. ಇದ್ದಬದ್ದ ಸಕ್ಕರೆಯೆಲ್ಲ ನೆತ್ತರಿನಿಂದ ಇಳಿದುಹೋಗಿ ಇಡೀ ಬೀದಿ ಬೆವರಿ, ನಡುಗಿ, ಕಣ್ಣು ಕತ್ತಲೆ ಬಂದು ಜಗಲಿಗಳ ಮೇಲೆ ಕುಸಿದು ಕೂತಿತು. ಮಾವ ನನ್ನ ಕಿವಿ ಹಿಂಡಿ, ಹೆಗಲಿಗೆ ಬೆಲ್ಲದ ಮೂಟೆ ಏರಿಸಿ ಮನೆಮನೆಗೂ ಕಳುಹಿಸಿದ. "ನಿನ್ನ ಗಂಟಲಿಗೆ ಬೀಗ ಹಾಕ್ಬೇಕು ಕಣಲೇ" ಎಂದು ಹೊನ್ನಾಜಮ್ಮ ನಡುಗುವ ಕೈಯಲ್ಲೇ ಬೆಲ್ಲ ತಿಂದು, ಆಮೇಲೆ "ಬಿಕ್ಕಳಿಕೆ ಮಾತ್ರ ಥೇಟ್ ನಂದೇ" ಎಂದೂ ಒಪ್ಪಿಕೊಂಡಳು.

ಮಾವನ ದನಿಗೆ ಒಂದು ಪದ್ಧತಿ ಇತ್ತು. ಊರಿನ ನೆತ್ತಿಯಲ್ಲಿ ಬಟಾಣಿ ಮನೆ ಎಂದು ಒಂದು ಮನೆ ಇದೆ, ಹೆಸರಿಗೆ ತಕ್ಕಷ್ಟೇ ಪುಟ್ಟದು. ಅಲ್ಲಿ ತಾಯಮ್ಮಣ್ಣಿ ಎಂಬಾಕೆ ಚೀಟಿ ಬರೆಯುತ್ತಾಳೆ. ಅವಳ ಅಟ್ಟದ ಮೇಲೆ ಅವಳ ಅಕ್ಕ. ಅಕ್ಕನ ಮುಖ ಕಂಡವರಿಲ್ಲ, ಕಿಟಕಿಯಿಂದ ಹೊರಗೆ ಚಾಚಿದ ಒಂದು ಕೈ ಮಾತ್ರ ಎಲ್ಲರಿಗೂ ಗೊತ್ತು. ಆ ಕೈಗೆ ಊರಿನ ಬಿಸಿ ಕಡಿಮೆಯೆನಿಸಿದರೆ ಅಕ್ಕ ಒನಕೆಯಿಂದ ಅಟ್ಟವನ್ನು ಕುಟ್ಟುತ್ತಾಳೆ. ಕೆಳಗೆ ತಾಯಮ್ಮಣ್ಣಿ ಚೀಟಿ ಬರೆದು ಮಾವನ ಮನೆಗೆ ಕಳುಹಿಸುತ್ತಾಳೆ. ಚೀಟಿ ಕೈಗೆ ಬಂತೆಂದರೆ, ಕರುವಿನ ಮೂತಿ ತಗುಲಿದ ಹಸುವಿಗೆ ಹಾಲು ಇಳಿಯುವಂತೆ, ಮಾವನ ಗಂಟಲಿನಲ್ಲಿ ಸಾರುವ ದನಿ ಊರಿಕೊಳ್ಳುತ್ತದೆ. ಊರು ಬೆಚ್ಚಗಾದರೆ ಒನಕೆ ಸುಮ್ಮನಾಗುತ್ತದೆ, ಚೀಟಿ ಕಡಿಮೆಯಾಗುತ್ತದೆ, ಮಾವನೂ ದನಿ ತಗ್ಗಿಸುತ್ತಾನೆ. ಮಾವನ ಮನೆಯೂ ಈ ಚೀಟಿಗಳ ಲೆಕ್ಕಕ್ಕೆ ಕಟ್ಟುಬಿದ್ದದ್ದು, ಚೀಟಿ ಹೆಚ್ಚಾದರೆ ಉಬ್ಬುತ್ತದೆ, ನಿಂತರೆ ಕುಗ್ಗುತ್ತದೆ. ಬೀದಿಯ ಕುತ್ತಿಗೆಯಂಥ ಇಕ್ಕಟ್ಟಿನ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕೋಣೆ, ನಡುವೆ ಸಣ್ಣ ನಡುಮನೆ, ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಹಾಗೆ. ಮಾವನ ಅಪ್ಪನ ಕಾಲದಲ್ಲಿ ಕಡಲ ಉಪ್ಪು ಊರಿಗೆ ಬರುವುದು ನಿಂತು, ಉಪ್ಪಿಲ್ಲದ ಗಂಟಲಿನಲ್ಲಿ ದನಿ ಹೊರಡದೆ, ತಾಯಮ್ಮಣ್ಣಿಯ ಅಮ್ಮ ಚೀಟಿಯ ಮೇಲೆ ಚೀಟಿ ಕಳಿಸಿ, ಈ ಮನೆಯ ಗೋಡೆಗಳು ಬೀದಿಗೆ ಗಂಟಿನಂತೆ ಉಬ್ಬಿಕೊಂಡು ಗಾಡಿಗಳಿಗೆ ದಾರಿಯೇ ಇಲ್ಲದಂತಾಗಿತ್ತಂತೆ.

ಆ ವರ್ಷ ಚಳಿ ಬಿಡುವ ಹೊತ್ತಿಗೆ ಮಾವನಿಗೆ ನೆಗಡಿ ಬಂದು ಗಂಟಲಿನಲ್ಲಿ ಕೂತಿತು. ಹದಿನೈದು ದಿನ ಕೂಗಕೂಡದು ಎಂದು ಪಂಡಿತರು ಹೇಳಿದರು. ಮೊದಲ ವಾರ ಯಾರಿಗೂ ಏನೂ ತಿಳಿಯಲಿಲ್ಲ. ಮಾವನ ಕೂಗು ಒಮ್ಮೆ ಮೈಗೆ ಹೋದರೆ ವಾರಗಟ್ಟಲೆ ಒಳಗೆ ಉಳಿದಿರುತ್ತದೆ. ಎರಡನೇ ವಾರದಲ್ಲಿ ಊರು ತೂಕಡಿಸತೊಡಗಿತು. ಬಿಸಿಲಿನಲ್ಲೂ ಜನ ಕಂಬಳಿ ಹೊದ್ದರು. ಮುಖಗಳು ನೆನೆಸಿಟ್ಟ ಕಡಲೆಯಂತೆ ಊದಿದವು. ನಾನು ತರಗತಿಯಲ್ಲಿ ಹಾಜರಿ ಕೂಗಿದರೆ ಕೊನೆಯ ಹುಡುಗಿ "ಬಂದಿದೀನಿ ಸಾರ್" ಎನ್ನುವ ಹೊತ್ತಿಗೆ ಮನೆಗೆ ಹೋಗುವ ಗಂಟೆ ಹೊಡೆಯುತ್ತಿತ್ತು. ಸಲೂನಿನ ಪಾಪಣ್ಣ ಒಬ್ಬರ ಅರ್ಧ ಮೀಸೆ ತೆಗೆದು ಉಳಿದರ್ಧ ನಾಳೆ ಬನ್ನಿ ಎಂದು ಕಳಿಸಿದನಂತೆ.

"ಮಾವ, ನಾನು ಕೂಗಲಾ?" ಎಂದೆ.

ಮಾವ ಮೆಣಸಿನ ಕಷಾಯದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಬರೀ ಮಾತಿಗೆ ಅವನ ಗಂಟಲು ಅಡ್ಡಿಯಿರಲಿಲ್ಲ, ಬೈಗುಳಕ್ಕಂತೂ ಇನ್ನೂ ಚೆನ್ನಾಗಿತ್ತು. "ಬೆಲ್ಲದ ಮೂಟೆ ಮರ್ತೋಯ್ತೇನ್ಲಾ?"

"ಇದು ತಮಾಷೆಗಲ್ಲ ಮಾವ. ನಿಂಗೆ ವಾಸಿಯಾಗೋಗಂಟ."

ಅತ್ತೆ ಎರಡು ಶಾಲಿನೊಳಗಿನಿಂದ, "ಕೂಗ್ಲಿ ಬಿಡಿ ಅಂದ್ರೆ. ಅಕ್ಕಿ ಆರ್ಸೋಕೆ ಕೂತೋಳು ನೆನ್ನೆಯಿಂದ ಅದೇ ಮೊರ ಹಿಡ್ಕೊಂಡಿದೀನಿ" ಎಂದಳು.

ಕೂಗಿದೆ. ಮಾವ "ಮೆಲ್ಲ" ಎನ್ನುವಾಗ ಮೂಗಿನಿಂದ ಗಂಟಲಿಗೆ ಇಳಿಯುವ ಆ ಜಾರು, "ಉರೀಲೀ" ಎನ್ನುವಾಗ ಉಸಿರನ್ನು ಗೋಣಿನಲ್ಲಿ ಹಿಡಿದಿಡುವ ಆ ಗತ್ತು, ಒಂದೂ ಬಿಡಲಿಲ್ಲ. ಒಂದೇ ದಿನಕ್ಕೆ ಏನೂ ಆಗಲಿಲ್ಲ. ನಾಲ್ಕಾರು ದಿನದಲ್ಲಿ ಕಂಬಳಿಗಳು ಮಡಿಕೆಯಾದವು. ಪಾಪಣ್ಣ ಉಳಿದರ್ಧ ಮೀಸೆಯನ್ನು ತಾನೇ ಮನೆ ಹುಡುಕಿಕೊಂಡು ಹೋಗಿ ತೆಗೆದುಬಂದ. ನಾನು ಬೀದಿಯಲ್ಲಿ ಹೋದರೆ ಕಿಟಕಿಗಳಿಂದ "ಏನು ಕಂಠವಪ್ಪಾ!" ಎನ್ನುವವರು, ಜಗಲಿಗೆ ಕರೆದು ಚಕ್ಕುಲಿ ಕೊಡುವವರು. ಅಣಕಿಸಿದ್ದಕ್ಕೆ ಜೀವಮಾನವಿಡೀ ಬೈಸಿಕೊಂಡವನಿಗೆ ಅದನ್ನೇ ಮಾಡಿದ್ದಕ್ಕೆ ಚಪ್ಪಾಳೆ ಸಿಕ್ಕರೆ ತಲೆ ನಿಲ್ಲುತ್ತದೆಯೇ? "ಇನ್ನೊಂದ್ಸಲ ಗಿಣಿರಾಮ!" ಎಂದರೆ ಇನ್ನೊಂದು ಸಲ ಕೂಗಿದೆ. ಬೆಳಿಗ್ಗೆಯ ಸುತ್ತಿನ ಜೊತೆಗೆ ಮಧ್ಯಾಹ್ನವೂ ಒಂದಾಯಿತು, ಆಮೇಲೆ ಸಂಜೆಗೂ ಒಂದು.

ಇಷ್ಟರಲ್ಲಿ ಪಂಡಿತರು ಹೇಳಿದ ಹದಿನೈದು ದಿನ ಕಳೆದು ಮಾವನ ಗಂಟಲು ವಾಸಿಯಾಗಿತ್ತು. "ನಾಳೆಯಿಂದ ನಾನೇ ಹೋಗ್ತೀನಿ" ಎಂದು ಅವನು ಹೇಳಿದಾಗ, "ಇನ್ನೊಂದು ನಾಕು ದಿನ ಸುಧಾರಿಸ್ಕೋ ಮಾವ, ನಾನಿಲ್ವಾ?" ಎಂದವನು ನಾನೇ. ಆ ನಾಲ್ಕು ದಿನ ಮುಗಿದಾಗ ಇನ್ನೂ ನಾಲ್ಕು, ಅದು ಮುಗಿದರೆ ಮತ್ತೆ ನಾಲ್ಕು. ಅಕ್ಕರೆಯಿಂದ ಹೇಳಿದೆ ಎಂದು ಅವನು ತಿಳಿದ. ಚಕ್ಕುಲಿಯ ಆಸೆಗೆ ಹೇಳಿದೆ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಊರಿನ ಒಲೆಗಳು ಧಗಧಗಿಸತೊಡಗಿದ್ದವು. ಜನ ಕೂತಲ್ಲಿ ಕೂರುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದು ರೊಟ್ಟಿ ತಿಂದವರು ಸಂಜೆಗೆ ಸೊಂಟ ಸಣ್ಣಗಾಗಿ ಪಂಚೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ಪುರೋಹಿತರು ಮುಹೂರ್ತಕ್ಕೆ ಮುಂಚೆಯೇ ತಾಳಿ ಕಟ್ಟಿಸಿ, ಊಟ ಮುಗಿಸಿ, ಇನ್ನೊಂದು ಮದುವೆ ಇದೆಯೇ ಎಂದು ಕೇಳಿದರು. ಪಾಪಣ್ಣ ಈಗ ಅರ್ಧ ನಿಮಿಷಕ್ಕೊಂದು ತಲೆ ಮುಗಿಸುತ್ತಿದ್ದ, ಕೈ ನಡುಗುತ್ತಿದ್ದುದರಿಂದ ಎಲ್ಲರ ತಲೆಯೂ ಮೆಟ್ಟಿಲು ಮೆಟ್ಟಿಲಾಗಿತ್ತು. ಆದರೂ ಯಾರಿಗೂ ಬೇಸರವಿರಲಿಲ್ಲ. ಬೇಸರಪಡುವಷ್ಟು ಹೊತ್ತು ಯಾರೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

ನಾನು ಕೂಗಲು ಶುರುಮಾಡಿದ ನಲವತ್ತನೆಯ ದಿನ ಮಾವ ನನ್ನ ಮಾತು ಕೇಳದೆ ಎದ್ದ. ಮೀಸೆ ತಿರುವಿ, ರುಮಾಲು ಸುತ್ತಿ, ಜಗಲಿಯ ತುದಿಗೆ ಬಂದು ನಿಂತು ಬಾಯಿ ತೆರೆದ. ಏನೂ ಬರಲಿಲ್ಲ. ಕೆಮ್ಮಿದ, ಮತ್ತೆ ತೆರೆದ. ತಿದಿಯಿಂದ ಗಾಳಿ ಬಂದಂತೆ ಒಂದು ಉಸಿರು ಬಂತು, ದನಿಯಿಲ್ಲ. ಎದುರು ಮನೆಯವರು ನೋಡಿಯೂ ನೋಡದವರಂತೆ ಒಳಗೆ ಹೋದರು. ಮಾವ ರುಮಾಲು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಕೂತ.

"ವಾಸಿಯಾಗಿತ್ತಲ್ಲೋ" ಎಂದ.

ಅತ್ತೆ ನನ್ನನ್ನು ಒಳಗೆ ಕರೆದು ಎಡಗೋಣೆಯನ್ನು ತೋರಿಸಿದಳು. ಮೊನ್ನೆಯವರೆಗೆ ಗೋಡೆಗೂ ಮಂಚಕ್ಕೂ ನಡುವೆ ಅವಳು ಓಡಾಡುತ್ತಿದ್ದಳು. ಈಗ ಮಂಚದ ಎರಡೂ ಬದಿ ಗೋಡೆಗೆ ತಗುಲಿ ಸುಣ್ಣ ಉದುರುತ್ತಿತ್ತು. ಬಲಗೋಣೆಯ ಬಾಗಿಲು ಅರ್ಧಕ್ಕಿಂತ ತೆರೆಯುತ್ತಿರಲಿಲ್ಲ. "ಚೀಟಿ ಬಂದು ತಿಂಗಳಾಯ್ತು ಕಣೋ. ನೆಗಡಿ ಅಂತ ಕಳಿಸ್ತಿಲ್ವೇನೋ ಅಂದ್ಕೊಂಡಿದ್ದೆ. ಹಿಂಗೇ ಆದ್ರೆ ನಿಮ್ಮಾವ ಮುದುಡಿ ಮೂಲೆಗೆ ಸೇರ್ಬುಡ್ತಾನೆ."

ಬಟಾಣಿ ಮನೆಗೆ ಓಡಿದೆ. ತಾಯಮ್ಮಣ್ಣಿ ಲೇಖನಿ ಕಿವಿಗೆ ಸಿಕ್ಕಿಸಿಕೊಂಡು ಹುರಿಗಡಲೆ ತಿನ್ನುತ್ತಾ ಆರಾಮಾಗಿ ಕೂತಿದ್ದಳು.

"ಏನ್ ತಾಯಿ ಇದು, ಮಾವನಿಗೆ ಚೀಟಿ ಯಾಕೆ ನಿಲ್ಲಿಸಿದ್ರಿ?"

"ಬಾರಪ್ಪ ಗಿಣಿರಾಮ, ಕೂತ್ಕೋ. ಬೆವರ್ತಾ ಇದೀಯ. ಊರೆಲ್ಲ ಬೆವರ್ತಾ ಇದೆ. ಇಷ್ಟು ಬಿಸಿ ಇಟ್ಕೊಂಡು ಇನ್ನೂ ಬಿಸಿ ಮಾಡು ಅಂತ ಬರೆಯೋಕೆ ನಂಗೇನು ತಲೆ ಕೆಟ್ಟಿದೆಯೇ?"

"ಆದ್ರೆ ಆ ಬಿಸಿ ಮಾವಂದಲ್ಲ. ನಂದು."

"ಯಾರದಾದ್ರೆ ಏನು? ಅಕ್ಕನ ಕೈಗೆ ದನಿ ಯಾರದು ಅಂತ ತಿಳಿಯೋಲ್ಲ, ಬಿಸಿ ಎಷ್ಟು ಅಂತ ತಿಳೀತದೆ." ಅವಳು ಮೇಲೆ ನೋಡಿದಳು. ಅಟ್ಟದಲ್ಲಿ ಒನಕೆಯ ಸದ್ದೇ ಇಲ್ಲ. "ನೀನು ಇಲ್ಲಿ ಎಷ್ಟು ಕೂಗ್ತೀಯೋ ಅವನು ಅಲ್ಲಿ ಅಷ್ಟು ಒಣಗ್ತಾನೆ. ಕೆಲ್ಸ ಇಲ್ಲದ ಗಂಟಲು ಎಷ್ಟು ದಿನ ಅಂತ ಕಾಯ್ಕೊಂಡು ಕೂತಿರ್ತದೆ?"

"ಈಗಲೇ ನಿಲ್ಲಿಸ್ತೀನಿ. ಇವತ್ತಿಂದಲೇ."

"ಅಯ್ಯೋ, ದಡ್ಡ! ಒಂದೇ ಏಟಿಗೆ ನಿಲ್ಲಿಸಿದ್ರೆ ಊರು ಒಲೆ ಆರಿಸಿಕೊಂಡು ಮಲಗ್ಬಿಡ್ತದೆ. ಅವನ ದನಿ ಮತ್ತೆ ಊರೋಕೆ ವಾರಗಳು ಬೇಕು. ಮೂರು ಸುತ್ತು ಎರಡು ಮಾಡು, ಎರಡು ಒಂದು ಮಾಡು, ಆಮೇಲೆ ದಿನ ಬಿಟ್ಟು ದಿನ. ಕೊನೆಗೆ ಬಾಯ್ಮುಚ್ಕೊಂಡು ಕೂರು. ನಿಂಗೆ ಕಷ್ಟ ಅದೇನೇ" ಎಂದು ನಕ್ಕಳು.

ಹಾಗೇ ಮಾಡಿದೆ. ಸುತ್ತು ಇಳಿದಂತೆ ಊರಿನ ಓಟವೂ ಇಳಿಯಿತು, ಒಂದಷ್ಟು ದಿನ ಎಲ್ಲ ಹದವಾಗಿಯೇ ಇತ್ತು. ನಾನು ಪೂರ್ತಿ ಸುಮ್ಮನಾದ ಮೇಲೆ ಕಂಬಳಿಗಳು ಮತ್ತೆ ಹೊರಗೆ ಬಂದವು. ಪಾಪಣ್ಣನೂ ನಾಲ್ಕು ಜನ ಹಿರಿಯರೂ ನಮ್ಮ ಜಗಲಿಗೆ ಬಂದರು. ಎದುರು ಸಾಲಿನಿಂದ ಬರಲು ಅವರಿಗೆ ಒಂದು ಬೆಳಗು ಹಿಡಿಯಿತು.

"ಗಿಣಿರಾಮ... ನೀನೇ... ಕಾಯಂ ಆಗಿ... ಸಾರು. ಬೋರಲಿಂಗಯ್ಯನೋರಿಗೆ... ವಯಸ್ಸಾಯ್ತು... ಶಾಲು ಹೊದಿಸಿ... ಕೂರಿಸೋಣ" ಎಂದ ಪಾಪಣ್ಣ. ಮಾವ ಪಕ್ಕದಲ್ಲೇ ಕೂತಿದ್ದ. ಅವನ ಮೈಮೇಲೆ ಆಗಲೇ ಎರಡು ಶಾಲುಗಳಿದ್ದವು.

"ಆಗೋಲ್ಲ" ಎಂದೆ.

ಹಿರಿಯರು ನಿಟ್ಟುಸಿರು ಬಿಟ್ಟು ಎದ್ದರು. ಪಾಪಣ್ಣ ಮೆಟ್ಟಿಲ ಬಳಿ ನಿಂತು "ನಿನ್ನ... ಬಾಯಿಗೆ..." ಎಂದು ಶುರುಮಾಡಿದ. ಬೈಗುಳ ಪೂರ್ತಿಯಾಗಲೆಂದು ನಾನು ಮರ್ಯಾದೆಗೆ ಕಾದೆ. ಒಳಗೆ ಹೋಗಿ ಎರಡು ಮುದ್ದೆ ಉಂಡು ಕೈ ತೊಳೆದು ಬಂದಾಗ "...ಮಣ್ಣು ಹಾಕ" ಎಂದು ಮುಗಿಸುತ್ತಿದ್ದ.

ನಗು ಬಂತು, ಆದರೆ ನಗಲೂ ಮೈಯಲ್ಲಿ ಬಿಸಿ ಬೇಕು. ನನ್ನ ಒಲೆಯೂ ಆರುತ್ತಿತ್ತು. ಬಾಚಣಿಗೆಯಲ್ಲಿ ಹಿಡಿ ಹಿಡಿ ಕೂದಲು, ಪಾದಗಳು ಬಾವಿಯ ಕಲ್ಲಿನಂತೆ. ದನಿ ಮಾತ್ರ ಗಂಟಲಿನಲ್ಲೇ ಸಿದ್ಧವಾಗಿತ್ತು, ಒಂದು ಸಲ ಬಾಯಿ ತೆರೆದರೆ ಸಾಕು. ಒಂದು ಮಧ್ಯಾಹ್ನ ಅತ್ತೆ ಸೌಟು ಹಿಡಿದುಕೊಂಡೇ ನಿದ್ದೆಹೋದಳು. ಅನ್ನದ ತಪ್ಪಲೆ ಓರೆಯಾಗಿ ಗಂಜಿ ಅವಳ ಕಾಲ ಬಳಿ ಹರಿಯುತ್ತಿತ್ತು. ಮಾವ ಅದನ್ನು ನೋಡಿದ, ಎದ್ದು ತಪ್ಪಲೆ ನೆಟ್ಟಗೆ ಮಾಡುವಷ್ಟು ಚುರುಕು ಅವನಿಗೂ ಇರಲಿಲ್ಲ.

"ಕೂಗ್ಬಿಡೋ" ಎಂದ. "ನನ್ನೊಬ್ಬನ ಗಂಟಲಿಗೋಸ್ಕರ ಊರೆಲ್ಲ ಯಾಕೆ ನಡುಗ್ಬೇಕು? ನಂದಿನ್ನೇನು, ಆಯ್ತು. ನೀನು ನನಗಿಂತ ಚೆನ್ನಾಗಿಯೇ ಕೂಗ್ತೀಯ."

"ಚೆನ್ನಾಗಿ ಕೂಗ್ತೀನಿ ಮಾವ. ಎಷ್ಟು ಕೂಗ್ಬೇಕು ಅಂತ ಮಾತ್ರ ಗೊತ್ತಿಲ್ಲ. ನಿನ್ನ ಗಂಟಲಿಗೆ ಚೀಟಿ ಗೊತ್ತು, ನನ್ನ ಗಂಟಲಿಗೆ ಗೊತ್ತಿರೋದು ಚಪ್ಪಾಳೆ."

ನಾನು ತೆವಳಿಕೊಂಡು ಹೋಗಿ ತಪ್ಪಲೆ ನೆಟ್ಟಗಿಟ್ಟು, ಅತ್ತೆಯ ಕೈಯಿಂದ ಸೌಟು ಬಿಡಿಸಿದೆ. "ನಾಕು ದಿನ ಸುಧಾರಿಸ್ಕೋ ಅಂದಿದ್ದು ನಿನಗೋಸ್ಕರ ಅಲ್ಲ ಮಾವ" ಎಂದೂ ಹೇಳಿದೆ.

"ಗೊತ್ತಿತ್ತು ಕಣೋ" ಎಂದ. "ಚಕ್ಕುಲಿ ಒಂದಾದ್ರೂ ಮನೆಗೆ ತರಬಾರ್ದಿತ್ತಾ?"

ಅದಾಗಿ ಮೂರು ದಿನಕ್ಕೆ, ಬೆಳಿಗ್ಗೆ ಹತ್ತರ ಸುಮಾರಿಗೆ, ಊರಿನ ನೆತ್ತಿಯಿಂದ ಸದ್ದು ಕೇಳಿಸಿತು. ಧಪ್. ಸ್ವಲ್ಪ ತಡೆದು ಮತ್ತೊಂದು, ಧಪ್. ಅಕ್ಕನ ಒನಕೆ. ಮೊದಲನೆಯ ಚೀಟಿ ಮಧ್ಯಾಹ್ನ ಬಂತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಓದದೆ ಸುಮ್ಮನೆ ಕೂತಿದ್ದ. ಮರುದಿನ ಮೂರು ಬಂದವು. ಅದರ ಮರುದಿನ ಬಾಗಿಲ ಸಂದಿಯಿಂದ ನುಗ್ಗಿ ನಡುಮನೆಯಲ್ಲಿ ಚದುರಿದವು, ತಾಯಮ್ಮಣ್ಣಿಯ ಕೈಬರಹ ಒಂದಕ್ಕಿಂತ ಒಂದು ದಪ್ಪ. ಎಡಗೋಣೆಯಲ್ಲಿ ಗೋಡೆ ಲಟಲಟನೆ ಸದ್ದು ಮಾಡಿತು. ಅತ್ತೆ ಮಂಚದ ಬದಿಯಲ್ಲಿ ಅಂಗೈ ತೂರಿಸಿ ನೋಡಿ, "ಬೆರಳು ಹೋಗ್ತಾ ಐತೆ!" ಎಂದು ಕೂಗಿದಳು. ವಾರದ ಕೊನೆಗೆ ಅವಳ ಮೊಣಕೈವರೆಗೂ ಹೋಗುತ್ತಿತ್ತು.

ಮಾವ ಹಿತ್ತಲಿಗೆ ಹೋಗಿ ಯಾರಿಗೂ ಕಾಣದಂತೆ ಬಾಯಿ ತೆರೆದು ನೋಡುತ್ತಿದ್ದ. ಮೊದಲು ಬಂದದ್ದು ಇಲಿಯ ದನಿ. ಆಮೇಲೆ ಹರೆಯದ ಹುಡುಗರ ಒಡೆದ ದನಿ. ನನ್ನ ನಾಲಿಗೆ ತುರಿಸುತ್ತಿತ್ತು, ಹೀಗೆ ಮಾವ, ಇಲ್ಲಿ ಜಾರಿಸು, ಇಲ್ಲಿ ಹಿಡಿ ಎಂದು ತೋರಿಸಲು. ಹಲ್ಲು ಕಚ್ಚಿ ಮನೆ ಗುಡಿಸಿದೆ.

ಮೊದಲ ಚೀಟಿ ಬಂದ ಒಂಬತ್ತನೆಯ ದಿನ ಅವನು ರುಮಾಲು ಸುತ್ತಿದ. ಜಗಲಿಯ ತುದಿಗೆ ಬಂದ. ಎದುರು ಮನೆಯವರು ಈ ಸಲ ಒಳಗೆ ಹೋಗಲಿಲ್ಲ, ಹೋಗುವಷ್ಟು ಚುರುಕಿರಲಿಲ್ಲ. "ಉರೀಲಿ ಒಲೆ..." ದನಿ ತುಸು ಒರಟಾಗಿತ್ತು, ಬಹಳ ದಿನದ ಮೇಲೆ ತೆರೆದ ಬಾಗಿಲಿನಂತೆ. ಆದರೆ ಬಂತು. ಮೆಟ್ಟಿಲಿಳಿದು ನಡೆದ. ಅತ್ತೆ ಸೆರಗು ಬಾಯಿಗೆ ಹಿಡಿದು ಕಂಬಕ್ಕೊರಗಿ ನಿಂತಳು. ನಾನು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು ಆ ದನಿಯ ಹಿಂದೆಯೇ ಮೊದಲ ಬೀದಿ, ಎರಡನೇ ಬೀದಿ, ಮೂರನೇ ಬೀದಿ ಸುತ್ತಿದೆ.

ಸುತ್ತು ಮುಗಿಸಿ ಬಂದು ಮಾವ ಪಕ್ಕದಲ್ಲಿ ಕೂತ. ಹಣೆಯಲ್ಲಿ ಬೆವರಿತ್ತು, ಕಾಲಲ್ಲಿ ಧೂಳಿತ್ತು.

"ಹೆಂಗಿತ್ತೋ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಚೆನ್ನಾಗಿತ್ತು. ಮೂರನೇ ಬೀದಿ ತಿರುವಿನಲ್ಲಿ ಮಾತ್ರ 'ಮೆಲ್ಲ' ಅನ್ನೋವಾಗ ಸ್ವಲ್ಪ ಅಪಸ್ವರ."

"ನೀನು ಕೂಗ್ತಿದ್ದಾಗ ಅಲ್ಲಿ ಅಪಸ್ವರ ಬಂದಿತ್ತಾ?"

"ಒಂದು ದಿನವೂ ಇಲ್ಲ."

"ಹಂಗಾದ್ರೆ ಅದು ನಂದೇ ಬಿಡು" ಎಂದು ಮಾವ ಕಾಲು ಚಾಚಿ, ಅತ್ತೆಯನ್ನು ಕೂಗಿ ಕಾಫಿ ಕೇಳಿದ.